ಓಸಿಐ ಇರೋ ಮಗಳ ಹೆಸರಿಗೆ ಅಪ್ಪ ಅಡಿಕೆ ತೋಟ ದಾನಪತ್ರ ಮಾಡಿಕೊಡಬಹುದಾ?

ತುಂಗೆ_ದಡ:
ಎಲ್ರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ರ, ನಾನೀಗ ಇರೋದು ಟೆಕ್ಸಾಸಲ್ಲಿ. 2019ರಲ್ಲಿ ಅಮೆರಿಕದ ಸಿಟಿಜನ್‌ಶಿಪ್ ತಗೊಂಡೆ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋದು) ಇದೆ. ಅಪ್ಪಯ್ಯಂಗೆ ಈಗ 79. ಮೂರೆಕರೆ ಅಡಿಕೆ ತೋಟ, ಕೆಳಗಡೆ ಸ್ವಲ್ಪ ಗದ್ದೆ, ಪಹಣಿ ಅವರ ಹೆಸರಲ್ಲೇ ಇದೆ. ಅಜ್ಜ ಗೇಣಿ ಮಾಡ್ತಿದ್ದ ಜಮೀನು ಇದು, ಉಳುವವನಿಗೇ ಭೂಮಿ ಅನ್ನೋ 74ರ ಕಾನೂನು ಬಂದಮೇಲೆ ಡಿಕ್ಲರೇಶನ್ ಕೊಟ್ಟು ಟ್ರಿಬ್ಯೂನಲ್‌ಗೆ ಅಲೆದು ಅಲೆದು ಸಿಕ್ಕಿದ್ದು, ಆ ಆರ್ಡರ್ ಕಾಪಿ ಅಪ್ಪಯ್ಯ ಇವತ್ತಿಗೂ ಟ್ರಂಕಲ್ಲಿ ಪ್ಲಾಸ್ಟಿಕ್ ಕವರ್ ಒಳಗೆ ಇಟ್ಟಿದಾರೆ, ಮಡಚಿದ ಜಾಗ ಹರಿದುಹೋಗಿ ಟೇಪ್ ಅಂಟಿಸಿದೆ. ಅವರ ಆಸೆ ಏನಂದ್ರೆ ಕಣ್ಣು ಮುಂದೇನೇ ನನಗೆ ಅರ್ಧ, ಬೆಂಗಳೂರಲ್ಲಿರೋ ತಮ್ಮಂಗೆ ಅರ್ಧ ದಾನಪತ್ರ ಮಾಡಿಬಿಡಬೇಕು ಅಂತ. ತಮ್ಮನೂ ಒಪ್ಪಿದಾನೆ.

ಇನ್ನೊಂದು, ಪಕ್ಕದ ಒಂದೂವರೆ ಎಕರೆ ಚಿಕ್ಕಪ್ಪಂದು, ಅವರು ಮಾರ್ತಾರಂತೆ. ಹೊರಗಿನವರಿಗೆ ಹೋಗೋ ಬದಲು ನಾನೇ ತಗೊಳ್ಳೋಣ ಅಂತ. ಬ್ರೋಕರ್ ಹೇಳ್ತಾರೆ 2020ರಿಂದ ಯಾರು ಬೇಕಾದ್ರೂ ಜಮೀನು ತಗೋಬಹುದು ಅಂತ. ನಿಜನಾ? ಗೊತ್ತಿದ್ದವರು ಹೇಳಿ, ಅಪ್ಪಯ್ಯ ದಿನಾ ಫೋನಲ್ಲಿ ಕೇಳ್ತಿದಾರೆ.

ಹಳೇ_ಪಹಣಿ:
ಅಕ್ಕ, ಎರಡಕ್ಕೂ ಉತ್ತರ ಇಲ್ಲ ಅಂತಾನೇ. ಬೇಜಾರಾಗ್ಬೇಡಿ, ದಾರಿ ಇದೆ, ಆದ್ರೆ ದಾನಪತ್ರದ್ದಲ್ಲ.

ಬ್ರೋಕರ್ ಹೇಳಿದ್ದು ಅರ್ಧ ಸತ್ಯ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದಿದ್ದು ಹೌದು, ಅದಕ್ಕೆ ಮುಂಚೆ ರೈತರಲ್ಲದವರು ಕೃಷಿ ಜಮೀನು ತಗೊಳ್ಳೋ ಹಾಗಿರಲಿಲ್ಲ. ಆದ್ರೆ ಅದು ರಾಜ್ಯದ ಕಾನೂನು. ನಿಮಗೆ ಅಡ್ಡ ಬರೋದು ಕೇಂದ್ರದ ಫೆಮಾ, ಅಂದ್ರೆ ವಿದೇಶಿ ವಿನಿಮಯ ಕಾಯ್ದೆ, ಅದರ 2019ರ ರೂಲ್ಸಲ್ಲಿ ಎನ್‌ಆರ್‌ಐ ಆಗಲಿ ಓಸಿಐ ಆಗಲಿ ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಮೂರನ್ನೂ ಕೊಳ್ಳೋ ಹಾಗಿಲ್ಲ, ದಾನವಾಗಿ ತಗೊಳ್ಳೋ ಹಾಗೂ ಇಲ್ಲ ಅಂತ ಸ್ಪಷ್ಟವಾಗಿದೆ. ಬೆಂಗಳೂರಲ್ಲಿ ಫ್ಲ್ಯಾಟ್ ತಗೊಳ್ಳಿ, ಕನ್ವರ್ಶನ್ ಆಗಿರೋ ಸೈಟ್ ತಗೊಳ್ಳಿ, ಅಪ್ಪನಿಂದ ಮನೆ ದಾನ ತಗೊಳ್ಳಿ, ಅದಕ್ಕೆಲ್ಲ ತೊಂದ್ರೆ ಇಲ್ಲ. ತೋಟ ಆಗಲ್ಲ. ಅಡಿಕೆ ಪ್ಲಾಂಟೇಶನ್ನಾ ಕೃಷಿನಾ ಅನ್ನೋ ವಾದಕ್ಕೂ ಹೋಗ್ಬೇಡಿ, ಎರಡೂ ಅದೇ ಪಟ್ಟಿಲಿ ಇದೆ.

ನಿಮಗೆ ಸಿಗಬಹುದಾದ ದಾರಿ ವಾರಸು ಒಂದೇ. ಭಾರತದಲ್ಲಿ ವಾಸ ಇರೋರಿಂದ ಉತ್ತರಾಧಿಕಾರವಾಗಿ ಬಂದ್ರೆ ತೋಟನೂ ನಿಮ್ಮ ಹೆಸರಿಗೆ ಬರುತ್ತೆ, ಇಟ್ಕೋಬಹುದು, ಅಡಿಕೆ ದುಡ್ಡೂ ತಗೋಬಹುದು. ಹಾಗಾಗಿ ಅಪ್ಪಂಗೆ ಹೇಳಿ, ದಾನಪತ್ರ ಬೇಡ, ವಿಲ್ ಬರೀಲಿ. ಇಬ್ಬರು ಸಾಕ್ಷಿ ಬೇಕು, ನೀವಿಬ್ರೂ ಸಾಕ್ಷಿ ಆಗ್ಬೇಡಿ. ರಿಜಿಸ್ಟರ್ ಕಡ್ಡಾಯ ಅಲ್ಲ, ಆದ್ರೂ ಸಬ್ ರಿಜಿಸ್ಟ್ರಾರ್ ಹತ್ರ ಮಾಡಿಸಿಬಿಡಿ, ವಯಸ್ಸಾಗಿರೋದ್ರಿಂದ ಅದೇ ದಿನದ ಡಾಕ್ಟರ್ ಸರ್ಟಿಫಿಕೇಟ್ ಒಂದು ಇರಲಿ. ಸರ್ವೆ ನಂಬರು, ಚಕ್ಕುಬಂದಿ ಪಹಣಿ ನೋಡ್ಕೊಂಡೇ ಬರೆಸಿ. ಟ್ರಂಕಲ್ಲಿರೋ ಆ ಆರ್ಡರ್ ಕಾಪಿ ವಕೀಲರಿಗೆ ತೋರಿಸ್ಲೇಬೇಕು, ಅಜ್ಜನ ಹೆಸರಿಗೆ ಬಂದಿದ್ದಾ ಕುಟುಂಬದ ಪರವಾಗಿ ಬಂದಿದ್ದಾ ಅನ್ನೋದ್ರ ಮೇಲೆ ಅಪ್ಪ ಪೂರ್ತಿ ಬರೀಬಹುದಾ ಇಲ್ಲಾ ಅವರ ಪಾಲಷ್ಟೇನಾ ಅಂತ ನಿಂತಿದೆ.

ಮಲ್ನಾಡ್_ಟು_ಡಲ್ಲಾಸ್:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಮನೇಲೇ ಆಗಿದೆ. ನಮ್ಮ ಮಾವ ಮಗನ ಹೆಸರಿಗೆ ಎರಡೆಕರೆ ದಾನಪತ್ರ ಮಾಡಿದ್ರು, ಮಗ ಆಗಲೇ ವಿದೇಶಿ ಪ್ರಜೆ. ರಿಜಿಸ್ಟರ್ ಆಯ್ತು, ಖಾತೆ ಆಯ್ತು, ಒಬ್ರೂ ಏನೂ ಕೇಳಲಿಲ್ಲ. ಆರು ವರ್ಷ ಆದ್ಮೇಲೆ ಮಾರೋಕೆ ಹೋದಾಗ ಕೊಳ್ಳೋರ ಕಡೆ ವಕೀಲರು ಪತ್ರ ನೋಡಿ, ದಾನ ತಗೊಂಡಾಗ ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿದ್ರು, ಅಲ್ಲಿಗೆ ವ್ಯಾಪಾರ ಮುರೀತು. ಮಾವ ಅಷ್ಟೊತ್ತಿಗೆ ತೀರ್ಕೊಂಡಿದ್ರು, ಸರಿ ಮಾಡೋಕೆ ಅವರಿಲ್ಲ. ಫೆಮಾದಲ್ಲಿ ದಂಡ ವ್ಯವಹಾರದ ಮೊತ್ತದ ಮೂರು ಪಟ್ಟು ತನಕ ಹಾಕಬಹುದು. ರಿಜಿಸ್ಟರ್ ಆಯ್ತು ಅಂದ್ರೆ ಕಾನೂನುಬದ್ಧ ಅಂತ ತಿಳ್ಕೋಬೇಡಿ, ಇದನ್ನ ಊರಲ್ಲಿ ಎಲ್ರಿಗೂ ಹೇಳ್ತಾ ಇರ್ತೀನಿ.

ಚಿಕ್ಕಪ್ಪನ ಜಮೀನನ್ನ ನಿಮ್ಮ ದುಡ್ಡಲ್ಲಿ ಬೇರೆ ಯಾರದೋ ಹೆಸರಲ್ಲಿ ತಗೊಳ್ಳೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ, ಅದು ಬೇನಾಮಿ ಆಗುತ್ತೆ. ತಮ್ಮ ಅವರದೇ ದುಡ್ಡಲ್ಲಿ ತಗೊಂಡ್ರೆ ಏನೂ ತೊಂದ್ರೆ ಇಲ್ಲ.

ವಾರಸಾಗಿ ಬಂದ ತೋಟ ಮುಂದೆ ಮಾರೋದಾದ್ರೆ ಭಾರತದಲ್ಲೇ ವಾಸ ಇರೋ ಭಾರತೀಯ ಪ್ರಜೆಗೇ ಮಾರಬೇಕು, ಇನ್ನೊಬ್ಬ ಓಸಿಐಗೆ ಆಗಲ್ಲ. ದುಡ್ಡು ಎನ್‌ಆರ್‌ಒ ಅಕೌಂಟಿಗೆ (ಹೊರದೇಶದಲ್ಲಿರೋರು ಇಲ್ಲಿ ಇಡೋ ರೂಪಾಯಿ ಅಕೌಂಟು), ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್ ತನಕ ಹೊರಗೆ ತರಬಹುದು. ಪೇಟೆಯಿಂದ ದೂರದ ಹಳ್ಳಿ ಜಮೀನಾದ್ರೆ ಭಾರತದಲ್ಲಿ ಕ್ಯಾಪಿಟಲ್ ಗೇನ್ ಟ್ಯಾಕ್ಸ್ ಬರಲ್ಲ, ಆದ್ರೆ ಅಮೆರಿಕದಲ್ಲಿ ಆ ಮಾರಾಟ ತೋರಿಸ್ಲೇಬೇಕು. ಬಂದ ಆಸ್ತಿ 1 ಲಕ್ಷ ಡಾಲರ್ ದಾಟಿದ್ರೆ ಅಮೆರಿಕದ ಟ್ಯಾಕ್ಸ್ ಇಲಾಖೆಗೆ ತಿಳಿಸೋ ಫಾರಂ 3520 ಮರೀಬೇಡಿ, ಟ್ಯಾಕ್ಸ್ ಇಲ್ದೆ ಇದ್ರೂ ತಿಳಿಸದೇ ಇದ್ರೆ ಪೆನಾಲ್ಟಿ ದೊಡ್ಡದು. ನಿಮ್ಮ ಮಕ್ಕಳು ಅಲ್ಲೇ ಹುಟ್ಟಿದ್ರೆ ಅವರಿಗೂ ಓಸಿಐ ಮಾಡಿಸಿಡಿ, ನಿಮ್ಮಿಂದ ಅವರಿಗೆ ಹೋಗೋವಾಗ ಬೇಕಾಗುತ್ತೆ.

ಗದ್ದೆ_ಅಂಚು:
ಅಮೆರಿಕದವರಿಗೆ ನೋವಾಗಬಹುದು, ಆದ್ರೂ ಹೇಳ್ತೀನಿ, ಈ ಕಾನೂನು ಇರಬೇಕು. ನಾನು ಊರಲ್ಲೇ ಇರೋನು. ಎಲೆಚುಕ್ಕೆ ರೋಗ ಬಂದು ಎರಡು ವರ್ಷದಿಂದ ಫಸಲು ಅರ್ಧಕ್ಕೆ ಇಳಿದಿದೆ, ಮರ ಹತ್ತಿ ಅಡಿಕೆ ಕೊನೆ ಕೊಯ್ಯೋ ಕೊನೆಗಾರ್ರು ಸಿಗ್ತಿಲ್ಲ, ಸುಮಾರು ಜನ ಮಾರೋ ಯೋಚನೇಲಿದಾರೆ. ಈ ಹೊತ್ತಲ್ಲಿ ಡಾಲರ್ ದುಡ್ಡು ಒಳಗೆ ಬಂದ್ರೆ ಪಕ್ಕದ ಗದ್ದೆ ತಗೊಂಡು ಉಳೋ ಹುಡುಗಂಗೆ ಆ ರೇಟು ಎಟುಕಲ್ಲ. ನಿಮ್ಮಜ್ಜನ ಹತ್ರ ಅವತ್ತು ದುಡ್ಡಿರಲಿಲ್ಲ ಅಕ್ಕ, ಉಳ್ತಿದ್ರು ಅಂತ ಜಮೀನು ಸಿಕ್ತು. ವಾರಸಿಗೆ ಬರೋದನ್ನ ಯಾರೂ ಬೇಡ ಅನ್ನಲ್ಲ, ಅದು ನಿಮ್ಮ ಹಕ್ಕು. ಕೊಳ್ಳೋದು ಬೇರೆ.

ಹಳೇ_ಪಹಣಿ:
ಇದನ್ನ ನಾನೂ ಒಪ್ತೀನಿ. ಒಂದು ಬಿಟ್ಟುಹೋಗಿತ್ತು, ಬೆಂಗಳೂರು ಸುತ್ತ ಗುಂಟೆ ಲೆಕ್ಕದಲ್ಲಿ ಫಾರ್ಮ್ ಪ್ಲಾಟ್ ಅಂತ ಎನ್‌ಆರ್‌ಐಗಳಿಗೇ ಜಾಹೀರಾತು ಕೊಟ್ಟು ಮಾರ್ತಾರಲ್ಲ, ಪಹಣಿಲಿ ಕೃಷಿ ಅಂತಿದ್ರೆ ಅದಕ್ಕೂ ಇದೇ ರೂಲು. ಇಲ್ಲಿ ಓದ್ತಿರೋರು ಅಡ್ವಾನ್ಸ್ ಕೊಡೋ ಮುಂಚೆ ಪಹಣಿ ತೆಗೆಸಿ ನೋಡಿ.

ತುಂಗೆ_ದಡ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಗದ್ದೆ_ಅಂಚು ಅವರೇ, ನೀವು ಹೇಳಿದ್ದು ನೋವಾಯ್ತು, ಆದ್ರೆ ಅಜ್ಜನ ಮಾತು ತಂದ್ರಲ್ಲ, ಅದಕ್ಕೆ ನನ್ನ ಹತ್ರ ಎದುರು ಮಾತಿಲ್ಲ. ಚಿಕ್ಕಪ್ಪನ ಜಮೀನು ನಮ್ಮಲ್ಲಿ ಇಷ್ಟು ವರ್ಷ ಕೊನೆ ಕೊಯ್ದ ಕುಟುಂಬದವರು ಕೇಳ್ತಿದಾರಂತೆ, ಅವರಿಗೇ ಕೊಡಿ ಅಂತ ಇವತ್ತು ಚಿಕ್ಕಪ್ಪಂಗೆ ಹೇಳಿದೆ.

ಅಪ್ಪಯ್ಯಂಗೆ ವಿಲ್ ವಿಷಯ ಹೇಳೋದೇ ಕಷ್ಟ ಆಯ್ತು. ದಾನ ಅಂದ್ರೆ ಅವರು ಬದುಕಿರುವಾಗ ಕೊಡೋದು, ವಿಲ್ ಅಂದ್ರೆ ಹೋದ್ಮೇಲೆ. ನಾನು ಕೊಟ್ಟೆ ಅಂತ ನನ್ನ ಕಣ್ಣಲ್ಲಿ ನೋಡೋಕಾಗಲ್ವಲ್ಲ ಅಂದ್ರು. ಆಮೇಲೆ ಅವರೇ, ಸರಿ, ಟ್ರಂಕ್ ತೆಗೀತೀನಿ, ತಮ್ಮಂಗೆ ಭಾನುವಾರ ಬರೋಕ್ ಹೇಳು ಅಂದ್ರು.