ಕಾಕಾ, ಆ ಮೂರನೇ ಸಹಿ ನೆನಪಿದೆಯಾ?

ಕಾಕಾ, ನಮಸ್ಕಾರ. ರೊಟ್ಟಿ ಬಡಿಯುತ್ತಾ ನಿಮ್ಮ ಮೆಸೇಜ್ ಕೇಳಿದೆ. ಒಲೆ ಆರಿಸಿ ಈಗ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಹುಡುಗರೂ ಪೂರ್ತಿ ಕೇಳಿ. ‘ಟ್ರಂಪ್ ತಪ್ಪು ಮಾಡಿದ್ದರೆ ಕೋರ್ಟು ನೋಡಿಕೊಳ್ಳುತ್ತದೆ, ಪಾರ್ಟಿಯವರನ್ನು ಯಾಕೆ ಬೈಯುತ್ತೀರಿ’ ಅಂದಿರಿ. ನನಗೆ ಒಪ್ಪಿಗೆ ಇಲ್ಲ ಕಾಕಾ.

2021ರ ಜನವರಿ 6ರಂದು ಅಮೆರಿಕದ ಪಾರ್ಲಿಮೆಂಟಿಗೆ ಟ್ರಂಪ್ ಬೆಂಬಲಿಗರು ನುಗ್ಗಿದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಒಂದೇ ವಾರದಲ್ಲಿ ಕೆಳಮನೆ ವಾಗ್ದಂಡನೆಗೆ, ಅಂದರೆ ಟ್ರಂಪ್ ಮೇಲೆ ಆರೋಪ ಹೊರಿಸಲು, ಮತ ಹಾಕಿತು. ವಿಚಾರಣೆ ಮಾಡಬೇಕಾದದ್ದು ಮೇಲ್ಮನೆ, ಸೆನೆಟ್. ಆಗ ಅಲ್ಲಿ ಟ್ರಂಪ್ ಪಾರ್ಟಿಯ ಮುಖಂಡರಾಗಿದ್ದವರು ಮಿಚ್ ಮೆಕಾನೆಲ್. ಸೆನೆಟ್ ಬೇಗ ಕರೆಯಿರಿ ಅಂದರೆ ಅವರು ಕರೆಯಲಿಲ್ಲ. ಟ್ರಂಪ್ ಕುರ್ಚಿಯಿಂದ ಇಳಿದ ಮೇಲೆ, ಫೆಬ್ರುವರಿ 13ಕ್ಕೆ ಮತ ನಡೆಯಿತು. ಆಗ ಮೆಕಾನೆಲ್ ಏನು ಹೇಳಿದರು? ಕುರ್ಚಿ ಬಿಟ್ಟವರನ್ನು ನಾವು ಶಿಕ್ಷಿಸುವ ಹಾಗಿಲ್ಲ ಅಂತ! ಅಲ್ಲ ಕಾಕಾ, ತಡ ಮಾಡಿದವರು ಯಾರು? ತಪ್ಪಿತಸ್ಥರಲ್ಲ ಅಂತ ಮತ ಹಾಕಿ, ಅದೇ ದಿನ ಎದ್ದು ನಿಂತು, ಆ ಗಲಾಟೆಗೆ ಟ್ರಂಪ್ ಅವರೇ ಹೊಣೆ, ಅನುಮಾನವೇ ಇಲ್ಲ ಅಂದರು. ತಪ್ಪಿತಸ್ಥರು ಅಂತ 57 ಮತ, ಅಲ್ಲ ಅಂತ 43. ಬೇಕಿದ್ದದ್ದು 67. ಟ್ರಂಪ್ ಪಾರ್ಟಿಯಲ್ಲೇ 7 ಜನ ಧೈರ್ಯ ಮಾಡಿದರು. ಇನ್ನು 10 ಜನ ಸಾಕಿತ್ತು.

ಇನ್ನು ನೀವು ಹೇಳಿದ ಕೋರ್ಟು. ಮೆಕಾನೆಲ್ ಕೂಡ ಕೋರ್ಟ್ ಇದೆಯಲ್ಲ ಅಂದಿದ್ದರು. 2024ರ ಜುಲೈ 1ರಂದು ಅವರ ಸುಪ್ರೀಂ ಕೋರ್ಟಿನ 6 ಜಡ್ಜ್‌ಗಳು, ಅಧ್ಯಕ್ಷರು ಅಧಿಕಾರದಲ್ಲಿ ಮಾಡಿದ ಕೆಲಸಕ್ಕೆ ದೊಡ್ಡ ರಕ್ಷಣೆ ಕೊಟ್ಟರು. 3 ಜನ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಟ್ರಂಪ್ ಮತ್ತೆ ಗೆದ್ದರು. ಅಧ್ಯಕ್ಷರಾಗುವವರ ಮೇಲೆ ಕೇಸು ನಡೆಸುವಂತಿಲ್ಲ ಅಂತ, ಈ ವಿಷಯದಲ್ಲಿ ಟ್ರಂಪ್ ಮೇಲೆ ಹಾಕಿದ್ದ ಕೇಸನ್ನೂ ಸರ್ಕಾರಿ ವಕೀಲರು ಕೈಬಿಟ್ಟರು. ಸೆನೆಟ್ ಕೋರ್ಟ್ ಕಡೆ ಕೈ ತೋರಿಸಿತು, ಕೊನೆಗೆ ಯಾರೂ ಶಿಕ್ಷೆ ಕೊಡಲೇ ಇಲ್ಲ.

ಪಾರ್ಟಿಯವರಿಂದ ಏನಾಗುತ್ತದೆ ಅನ್ನಬೇಡಿ. 1974ರ ಆಗಸ್ಟ್ 7ರಂದು, ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿಬಿದ್ದಿದ್ದ ಅಮೆರಿಕದ ಅಧ್ಯಕ್ಷ ನಿಕ್ಸನ್ ಪಾರ್ಟಿಯ ಹಿರಿಯರೇ ಮೂರು ಜನ, ಗೋಲ್ಡ್‌ವಾಟರ್, ಸ್ಕಾಟ್, ರೋಡ್ಸ್, ಶ್ವೇತಭವನಕ್ಕೆ ಹೋಗಿ ‘ಸೆನೆಟ್‌ನಲ್ಲಿ ನಿಮ್ಮನ್ನು ಉಳಿಸುವಷ್ಟು ಮತ ಇಲ್ಲ’ ಅಂತ ಎದುರಿಗೇ ತಿಳಿಸಿದರು. ಮರುದಿನ ನಿಕ್ಸನ್ ರಾಜೀನಾಮೆ ಪ್ರಕಟಿಸಿದರು, 9ಕ್ಕೆ ಹೊರಟರು. ನಿಕ್ಸನ್ ಹಗರಣ ಮುಚ್ಚಿಹಾಕಲು ಆಡಿದ ಮಾತಿನ ಟೇಪು ಹೊರಗೆ ಬೀಳುವ ತನಕ ಆ ಹಿರಿಯರೂ ಕಾದರು, ನಿಜ. ಆದರೂ ಹೋಗಿ ಹೇಳಿದರಲ್ಲ.

ನನಗೆ ಇಷ್ಟೊಂದು ಯಾಕೆ ಹತ್ತುತ್ತದೆ ಅಂತ ನಿಮಗೆ ಗೊತ್ತು, ಹುಡುಗರಿಗೆ ಗೊತ್ತಿಲ್ಲ. ಸೇಡಂ ಕಡೆಯ ನಮ್ಮೂರ ಸೊಸೈಟಿಯಲ್ಲಿ ಚೇರ್ಮನ್ ಗೊಬ್ಬರದ ದುಡ್ಡು ತಿಂದಿದ್ದರು. ತೊಗರಿ ರಾಶಿ ನಡೆದಿತ್ತು. ಐದು ಜನ ಡೈರೆಕ್ಟರು ನಮ್ಮ ಪಡಸಾಲೆಯಲ್ಲಿ ಕೂತರು. ‘ಎಲೆಕ್ಷನ್ ಮುಗಿಯಲಿ, ಆಮೇಲೆ ಕೇಳೋಣ. ಈಗ ಲೆಕ್ಕ ಸರಿ ಇದೆ ಅಂತ ಠರಾವು ಮಾಡೋಣ’ ಅಂದರು. ಇಬ್ಬರು ಒಪ್ಪದೆ ಎದ್ದು ಹೋದರು. ಇಬ್ಬರು ಸಹಿ ಹಾಕಿದರು. ನಾನು ಚಹಾ ಹಿಡಿದು ನಿಂತಿದ್ದೆ. ಅಪ್ಪ ಪೆನ್ನಿನ ಕ್ಯಾಪ್ ತೆಗೆದರು, ಹಾಕಿದರು, ಮತ್ತೆ ತೆಗೆದರು. ಆಮೇಲೆ ಮೂರನೇ ಸಹಿ ಹಾಕಿದರು.

ಎಲೆಕ್ಷನ್ ಮುಗಿದ ಮೇಲೆ ಕೇಳಲು ಹೋದರೆ ಚೇರ್ಮನ್ ಠರಾವು ಪುಸ್ತಕ ತೆಗೆದು ಮುಂದೆ ಇಟ್ಟರು. ‘ನೀವೇ ಸರಿ ಇದೆ ಅಂತ ಬರೆದಿದ್ದೀರಲ್ಲ?’ ನೀವೂ ಅಲ್ಲೇ ಇದ್ದಿರಿ ಕಾಕಾ. ಅಪ್ಪ ಸಾಯುವ ತನಕ ಆ ಮಾತು ಬಂದಾಗೆಲ್ಲ ಚೇರ್ಮನ್‌ರನ್ನು ಬೈದದ್ದು ನಾನು ಕೇಳಿಲ್ಲ. ‘ನಾನು ಸಹಿ ಹಾಕಿದೆ’ ಅಂತಲೇ ಹೇಳುತ್ತಿದ್ದರು.