ಟ್ಯಾಂಕ್ ಸೀಳಿದೆ: ಬೆಸುಗೆ ಹಾಕಿಸಲೋ, ಹೊಸದೇ ತರಲೋ? ಮಾಡಿಸಿದವರು ಹೇಳಿ

ಪ್ರಶ್ನೆ, ತುಮಕೂರಿಂದ: 1000 ಲೀಟರ್, ಮೂರು ಪದರದ ಕಪ್ಪು ಟ್ಯಾಂಕ್. ತಳದಿಂದ ಗೇಣು ಮೇಲೆ, ಔಟ್‌ಲೆಟ್ ಪಕ್ಕದಲ್ಲೇ ನಾಲ್ಕು ಇಂಚು ಉದ್ದದ ಸಣ್ಣ ಸೀಳು. ಪ್ಲಂಬರ್ ಎಪಾಕ್ಸಿ ಪುಟ್ಟಿ ಮೆತ್ತಿ ಹೋದರು, ಅಂಚು ಬಿಟ್ಟು ಮತ್ತೆ ಜಿನುಗ್ತಿದೆ. ಹೊಸದಕ್ಕೆ ಇಳಿಸಿ ಏರಿಸೋ ಕೂಲಿ ಸೇರಿ 9,500 ಅಂತಾರೆ. ನಿಮ್ಮಲ್ಲಿ ಯಾವುದು ನಿಂತಿತು?

ಗುಬ್ಬಿ ಮಂಜು: ಪುಟ್ಟಿ ಬಿಡದೆ ಇನ್ನೇನು ಮಾಡುತ್ತೆ ಸರ್? ಟ್ಯಾಂಕ್ ಪಾಲಿಥಿಲೀನ್. ಅದರ ಮೈಗೆ ಎಪಾಕ್ಸಿ, ಪೈಪ್ ಸಲ್ಯೂಷನ್, ಕ್ವಿಕ್ ಗಮ್ ಯಾವುದೂ ಕಚ್ಚಲ್ಲ. ನೀರು ತುಂಬಿದಾಗ ಗೋಡೆ ಉಬ್ಬುತ್ತೆ, ಖಾಲಿಯಾದಾಗ ಒಳಗೆ ಸರಿಯುತ್ತೆ. ಪುಟ್ಟಿ ಬಗ್ಗಲ್ಲ, ಸಿಪ್ಪೆ ಎದ್ದು ಬರುತ್ತೆ. ಬಿಸಿ ಬೆಸುಗೆ ಒಂದೇ ದಾರಿ. ನಮ್ಮ ಟ್ಯಾಂಕಿಗೆ ಅದನ್ನೇ ಹಾಕಿರೋದು, ಇವತ್ತಿಗೂ ಒಂದು ಹನಿ ಇಲ್ಲ.

ಮೊದಲು ಸೀಳಿನ ಎರಡೂ ತುದಿಗೆ 5 ಮಿಮೀ ಬಿಟ್‌ನಲ್ಲಿ ತೂತು ಹಾಕಬೇಕು, ಇಲ್ಲದಿದ್ದರೆ ಬೆಸುಗೆಯ ಆಚೆ ಸೀಳು ಓಡುತ್ತೆ. ಕಣ್ಣಿಗೆ ಕಾಣೋ ತುದಿ ನಿಜವಾದ ತುದಿ ಅಲ್ಲ, ಅರ್ಧ ಇಂಚು ಮುಂದೆ ಹಾಕಿ. ಬ್ಲೇಡಿನಲ್ಲಿ ಸೀಳಿನುದ್ದಕ್ಕೂ ವಿ ಆಕಾರದ ತೋಡು ತೆಗೀರಿ, ಗೋಡೆ ದಪ್ಪದ ಮೂರನೇ ಎರಡು ಭಾಗದಷ್ಟು ಆಳ. 80 ನಂಬರ್ ಎಮರಿ ಹಾಳೆಯಲ್ಲಿ ಎರಡೂ ಕಡೆ ಒಂದೊಂದು ಇಂಚು ಉಜ್ಜಿ, ಹಳೇ ಪುಟ್ಟಿಯ ಚೂರೂ ಉಳಿಯಬಾರದು. ಹೀಟ್ ಗನ್, ಅಂದರೆ ಬಿಸಿ ಗಾಳಿ ಊದೋ ಮಿಷನ್, 260–280 ಡಿಗ್ರಿಗೆ ಇಡಿ. ಬೆಸುಗೆಗೆ ಕರಗಿಸೋ ಪ್ಲಾಸ್ಟಿಕ್ ಕಡ್ಡಿ ಮಾತ್ರ ಕರಗಿದರೆ ಸಾಲದು, ಗೋಡೆಯ ಮೈಯೂ ಎಣ್ಣೆ ಹಚ್ಚಿದ ಹಾಗೆ ಹೊಳೆದ ಮೇಲೆ ಒತ್ತಬೇಕು. ಹೊಗೆ ಬಂತು ಅಂದರೆ ಪ್ಲಾಸ್ಟಿಕ್ ಸುಟ್ಟಿತು, ಅದನ್ನು ಕೆರೆದು ಮತ್ತೆ ಶುರು ಮಾಡಿ. ಆದ ಮೇಲೆ ನೀರು ಎರಚಿ ತಣಿಸಬೇಡಿ, ತಾನಾಗೇ ಆರಲಿ. ಗನ್ 1,450, ಕಡ್ಡಿ 180, ಎಮರಿ, ಬ್ಲೇಡ್ 60. ಗನ್ ಮನೇಲೇ ಉಳೀತು.

ಹಾಸನದ ಶೋಭಾ: ಕಡ್ಡಿ ಅಂದಿರಿ, ಯಾವ ಕಡ್ಡಿ ಅಂತ ಹೇಳಲಿಲ್ಲ. ಎಲ್ಲ ಕೆಡೋದು ಅಲ್ಲೇ. ನಮ್ಮಲ್ಲಿಗೆ ಬಂದ ಬೆಸುಗೆಯವರು ಒಡೆದ ಬಕೆಟ್ ತುಂಡು ಕರಗಿಸಿ ಸುರಿದರು. ಆ ಬಕೆಟ್ ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಪಾಲಿಥಿಲೀನ್ ಜೊತೆ ಅದು ಬೆರೆಯೋದೇ ಇಲ್ಲ. ಮೇಲೆ ಚೆನ್ನಾಗಿ ಕೂತಂತೆ ಕಾಣುತ್ತೆ, ಆರಿದ ಮೇಲೆ ಉಗುರು ಹಾಕಿದರೆ ಪಟ್ಟಿಯ ಹಾಗೇ ಎದ್ದು ಬರುತ್ತೆ. 800 ಕೂಲಿ, ಒಂದು ಟ್ಯಾಂಕರ್ ನೀರು 700, ಎರಡೂ ಹೋಯ್ತು. ಅದೇ ಟ್ಯಾಂಕಿನ ಮುಚ್ಚಳದ ಅಂಚಿಂದ ನಾಲ್ಕೈದು ಮಿಮೀ ಅಗಲದ ಪಟ್ಟಿ ಕತ್ತರಿಸಿಕೊಳ್ಳಿ, ಮುಚ್ಚಳವೂ ಪಾಲಿಥಿಲೀನ್ ಆಗಿದ್ದರೆ ಅದು ಹೊಂದುತ್ತೆ. ಮುಚ್ಚಳ ಬೇರೆ ಕಂಪನಿದಾದರೆ ಮುಟ್ಟಬೇಡಿ.

ಇನ್ನೊಂದು, ಗನ್ ತರೋ ಮೊದಲು ಚಾಕುವಿನಲ್ಲಿ ಬಿಸಿಲು ಬೀಳೋ ಕಡೆ ಒಂದು ಎಳೆ ಹೆರೆದು ನೋಡಿ. ಸುರುಳಿಯಾಗಿ ಬಂದರೆ ಪ್ಲಾಸ್ಟಿಕ್‌ಗೆ ಜೀವ ಇದೆ. ಪುಡಿಪುಡಿಯಾಗಿ ಉದುರಿದರೆ, ಬೆರಳಿಗೆ ಸುಣ್ಣದಂಥ ಹುಡಿ ಅಂಟಿದರೆ, ಯಾವ ಬೆಸುಗೆಯೂ ನಿಲ್ಲಲ್ಲ, ಪಕ್ಕದಲ್ಲೇ ಮತ್ತೆ ಸೀಳುತ್ತೆ. ನಾವು ಹೊಸದೇ ತಂದೆವು, ಪಾಲಿಥಿಲೀನ್ ನೀರಿನ ಟ್ಯಾಂಕಿಗೆ ಇರೋ ಐಎಸ್ 12701 ಗುರುತು ನೋಡಿ. ಅದರ ಬಗ್ಗೆ ನನಗೆ ಎಳ್ಳಷ್ಟೂ ಬೇಜಾರಿಲ್ಲ.

ಗುಬ್ಬಿ ಮಂಜು: ಮೇಡಂ, ಬಕೆಟ್ ತುಂಡು ಸುರಿದವರನ್ನು ನೋಡಿ ಬೆಸುಗೆಯನ್ನೇ ಬೈದರೆ ಹೇಗೆ? ಎಲ್‌ಎಲ್‌ಡಿಪಿಇ, ಅಂದರೆ ಟ್ಯಾಂಕ್ ಮಾಡೋ ಪಾಲಿಥಿಲೀನಿನದೇ ಕಡ್ಡಿ ಅಂತ ಕೇಳಿ ತರಬೇಕು ಅನ್ನೋದು ಗೊತ್ತಿರೋ ವಿಷಯ ಅಂತ ಬರೀಲಿಲ್ಲ.

ಹಾಸನದ ಶೋಭಾ: ಗೊತ್ತಿದ್ದರೆ ಪ್ರಶ್ನೆ ಯಾಕೆ ಕೇಳ್ತಿದ್ದರು? ಬೈದಿದ್ದು ಬೆಸುಗೆಯನ್ನಲ್ಲ, ಅರ್ಧ ಹೇಳಿ ಬಿಡೋದನ್ನ.

ಪುತ್ತೂರು ಭಟ್: ಎಂತಕ್ಕೆ ಬಿಸಿ ಮಾಡುವುದು ಮಾರಾಯ್ರೆ? ಮೂರು ಪದರದಲ್ಲಿ ಮಧ್ಯದ್ದು ಫೋಮ್ ಇದ್ದರೆ ಗನ್ ಹಿಡಿದ ಕೂಡಲೇ ಗುಳ್ಳೆ ಎದ್ದು ಟೊಳ್ಳಾಗ್ತದೆ. ನಾನು ಹಾಕಿಸಿದ್ದು ಬೋಲ್ಟ್ ತೇಪೆ. ಒಳಗೊಂದು ಹೊರಗೊಂದು 1.5 ಮಿಮೀ ಸ್ಟೀಲ್ ತಗಡು, ತುಕ್ಕು ಹಿಡಿಯದ 304 ಗ್ರೇಡಿದ್ದು, ಎರಡರ ಅಡಿಗೂ 3 ಮಿಮೀ ರಬ್ಬರ್ ಶೀಟ್, 6 ಮಿಮೀ ಸ್ಟೀಲ್ ಬೋಲ್ಟ್ ನಾಲ್ಕು ನಾಲ್ಕು ಸೆಂಟಿಮೀಟರಿಗೆ ಒಂದು. ತಗಡು ಸೀಳಿಗಿಂತ ಸುತ್ತಲೂ ಎರಡು ಇಂಚು ದೊಡ್ಡದು ಬೇಕು, ಟ್ಯಾಂಕಿನ ಬಾಗಿಗೆ ಸರಿಯಾಗಿ ವರ್ಕ್‌ಶಾಪಿನಲ್ಲಿ ಬಗ್ಗಿಸಬೇಕು. ಚಪ್ಪಟೆ ತಗಡು ಹಾಕಿ ಬಿಗಿದರೆ ಗೋಡೆಯೇ ಬೋಲ್ಟಿನ ತೂತಿನಿಂದ ಸೀಳ್ತದೆ. ತಗಡು ಬಗ್ಗಿಸಿದ್ದು ಸೇರಿ 1,150. ಒಂದು ಮೀಟರ್ ನೀರಿಗೆ ಚದರ ಸೆಂಟಿಮೀಟರಿನ ಮೇಲೆ ಬೀಳುವುದು 100 ಗ್ರಾಂ ಒತ್ತಡ ಮಾತ್ರ. ರಬ್ಬರ್ ಸಾಕು.

ಗುಬ್ಬಿ ಮಂಜು: ಒಂದು ಸೀಳು ಮುಚ್ಚೋಕೆ ಹತ್ತು ತೂತು! ಕುಡಿಯೋ ನೀರಿಗೆ ಯಾವ ರಬ್ಬರ್ ಹಾಕಿದ್ದೀರಿ, ಅದನ್ನೂ ಹೇಳಿ.

ಪುತ್ತೂರು ಭಟ್: ಫುಡ್ ಗ್ರೇಡ್ ಇಪಿಡಿಎಂ, ಅದೊಂದು ಬಗೆಯ ಕೃತಕ ರಬ್ಬರ್. ಸೈಕಲ್ ಟ್ಯೂಬ್ ಅಲ್ಲ. ನೀವು ಬೆಸುಗೆ ಹಾಕುವಾಗ ಹೊಗೆ ಕುಡಿದದ್ದು ಲೆಕ್ಕಕ್ಕೆ ಬರುವುದಿಲ್ಲವೋ?

ಪ್ರಶ್ನೆ ಕೇಳಿದವರು: ಸೀಳು ಔಟ್‌ಲೆಟ್ ಪಕ್ಕವೇ ಇರೋದರಿಂದ ಏನಾದರೂ ಬೇರೆ ಮಾಡಬೇಕಾ?

ಹುಬ್ಬಳ್ಳಿ ಬಸು: ಹೌದ್ರಿ, ಅದನ್ನ ಯಾರೂ ನೋಡವಲ್ರು. ಸೀಳಿದ್ದು ಯಾಕ? ಪೈಪಿನ ಭಾರ ಪೂರಾ ನಿಪ್ಪಲ್ ಮ್ಯಾಲೆ, ಅಂದ್ರ ಟ್ಯಾಂಕಿನ ತೂತಿಗೆ ಕೂಡಿಸಿದ ಥ್ರೆಡ್ ಇರೋ ಗಿಡ್ಡ ಪೈಪಿನ ಮ್ಯಾಲೆ, ಜೋತು ಬಿದ್ದಿರತದ. ಗ್ವಾಡಿಗೆ ಕ್ಲ್ಯಾಂಪ್ ಹೊಡದಿರಂಗಿಲ್ಲ, ಬಿಸಲಿಗೆ ಪೈಪ್ ಹಿಗ್ಗಿ ಕುಗ್ಗಿ ತೂತಿನ ಅಂಚನ್ನ ಎಳೀತದ. ನೀವು ಬೆಸಿಗಿ ಹಾಕ್ರಿ, ತಗಡ ಬಡೀರಿ, ಪೈಪ್ ಹಂಗ ಬಿಟ್ರ ಮತ್ತ ಸೀಳತದ. ನಿಪ್ಪಲ್ ಬಿಚ್ಚಿ ನೋಡ್ರಿ, ತೂತು ಕಾಯಿಸಿದ ಸರಳಿನಿಂದ ಸುಟ್ಟಿದ್ರ ಅಂಚು ಏರುಪೇರು ಇರತದ, ವಾಷರ್ ಕೂಡಂಗಿಲ್ಲ. ಆ ತೂತು ಮುಚ್ಚಿ ಎದುರಿನ ಮಗ್ಗಲಿಗೆ ಹೊಸಾದು ಹಾಕ್ರಿ. 1 ಇಂಚಿನ ನಿಪ್ಪಲ್ಲಿನ ಥ್ರೆಡ್ ಹೊರಗಿಂದ 33 ಮಿಮೀ, 35 ಮಿಮೀ ಹೋಲ್ ಸಾ, ಅಂದ್ರ ದುಂಡಗ ತೂತು ಕೊರಿಯೋ ಗರಗಸ, ಸಾಕು. ರಬ್ಬರ್ ವಾಷರ್ ಟ್ಯಾಂಕಿನ ಒಳಗ, ನಿಪ್ಪಲ್ಲಿನ ಅಗಲ ಅಂಚಿನ ಕಡೆ ಇರಬೇಕು, ನೀರು ತಡೆಯೋದು ಅಲ್ಲೇ. ನಿಪ್ಪಲ್ ಬಿಗಿ ಹಿಡಿಯೋ ಚೆಕ್ ನಟ್ ಕೈಯಿಂದ ಬಿಗದು ಮ್ಯಾಲೆ ಕಾಲು ಸುತ್ತು, ಅಷ್ಟ. ಪಾನಾ ಹಾಕಿ ಜಗ್ಗಿದ್ರ ವಾಷರ್ ಹಿಸುಕಿ ಹೊರಗ ಬರತದ. ನಿಪ್ಪಲ್ಲಿಗೂ ಪೈಪಿಗೂ ನಡುವ ಒಂದೂವರಿ ಅಡಿ ಫ್ಲೆಕ್ಸಿಬಲ್ ಹೋಸ್ ಕೊಡ್ರಿ.

ಅಡಿಪಾಯ ಹೆಂಗದ ಅದನ್ನೂ ನೋಡ್ರಿ. ಆಂಗ್ಲ್ (ಎಲ್ ಆಕಾರದ ಕಬ್ಬಿಣ) ಸ್ಟ್ಯಾಂಡ್ ಮ್ಯಾಲೆ ಬರೇ ಪಟ್ಟಿ ಇದ್ರ ಸಾವಿರ ಕಿಲೋ ನೀರಿಗೆ ತಳ ಪಟ್ಟಿ ನಡುವ ಜೋಲತದ. ಕಡಪ ಕಲ್ಲು ಹಾಸ್ರಿ.

ಪುತ್ತೂರು ಭಟ್: ಕಡಪವೋ! ನಡುವೆ ಆಧಾರ ಇಲ್ಲದಿದ್ದರೆ ಅದೇ ಪಟ್ ಅಂತ ಒಡೆದು ತಳಕ್ಕೆ ಚುಚ್ಚುವುದು. ನಾಲ್ಕು ಇಂಚಿನ ಕಾಂಕ್ರೀಟ್ ಸ್ಲ್ಯಾಬ್, ಕಂಬಿ ಹಾಕಿದ್ದು. ಬೇರೆ ಮಾತಿಲ್ಲ.

ಹುಬ್ಬಳ್ಳಿ ಬಸು: ಆಂಗ್ಲ್ ಅಡಿಗೆ ಅದಾವಲ್ರಿ, ಆಧಾರ ಇಲ್ಲ ಅಂದವರ ಯಾರು? ಒಂದೊಂದ ಅಡಿಗೆ ಆಂಗ್ಲ್ ಇದ್ರ ಕಡಪ ಒಡಿಯಂಗಿಲ್ಲ. ಹಳೇ ತಾರಸಿ ಮ್ಯಾಲೆ ನಾಲ್ಕು ಇಂಚಿನ ಸ್ಲ್ಯಾಬ್ ಭಾರ ಹೊರೋರು ಯಾರು?

ಗುಬ್ಬಿ ಮಂಜು: ಇಬ್ಬರೂ ಜಗಳ ಆಮೇಲೆ ಆಡಿ. ತುಮಕೂರಿನ ಸರ್, ಏನೇ ಮಾಡಿದರೂ ಮೊದಲು ಸೀಳಿನ ಮಟ್ಟಕ್ಕಿಂತ ಒಂದು ಗೇಣು ಮೇಲಕ್ಕೆ ಮಾತ್ರ ನೀರು ಬಿಟ್ಟು ರಾತ್ರಿಯಿಡೀ ನೋಡಿ, ಬೆಳಿಗ್ಗೆ ಒಣ ಪೇಪರ್ ಒತ್ತಿ. ಪೇಪರ್ ಒದ್ದೆ ಆಗಲಿಲ್ಲ ಅಂದರೆ ಮಾತ್ರ ಪೂರ್ತಿ ತುಂಬಿಸಿ.

ಪುತ್ತೂರು ಭಟ್: ಒಳಗಿನ ಸೀಳು ಒಂದು ಕಡೆ, ನೀರು ಪದರದೊಳಗೆ ಹರಿದು ಹೊರಗೆ ಬರುವುದು ಇನ್ನೊಂದು ಕಡೆ ಆಗಿರ್ತದೆ. ಪೇಪರ್ ಸೀಳಿನ ಮೇಲಷ್ಟೇ ಅಲ್ಲ, ತಳದ ಸುತ್ತಲೂ ಒತ್ತಿ. ಬಸು ಅವರೇ, ಆಂಗ್ಲ್ ತುಕ್ಕು ಹಿಡಿದರೆ ನಿಮ್ಮ ಕಡಪ ಎಲ್ಲಿ ನಿಲ್ಲುವುದು?

ಹುಬ್ಬಳ್ಳಿ ಬಸು: ತುಕ್ಕು ತಡೆಯೋ ರೆಡ್ ಆಕ್ಸೈಡ್ ಬಣ್ಣ ಎರಡು ಕೋಟ್ ಹೊಡೀಬೇಕ್ರಿ. ನಮ್ಮ ಕಡೆ ನಿಮ್ಮಷ್ಟು ಮಳಿ ಇಲ್ಲ.