ಫೆರಿಯೊಂದೇ ದಾರಿಯಿರುವ ಸಣ್ಣ ದ್ವೀಪದಲ್ಲಿ ಬಾಡಿಗೆ ಮನೆ: ಮುಂಗಡ ಕೊಡುವ ಮೊದಲು ಏನೇನು ನೋಡಬೇಕು?

ಅಲೆಮನೆ (ಪ್ರಶ್ನೆ)

ಸೇತುವೆ ಇಲ್ಲದ ಸಣ್ಣ ದ್ವೀಪವೊಂದಕ್ಕೆ ಇಬ್ಬರು ಮನೆ ಬದಲಿಸುತ್ತಿದ್ದೇವೆ. ಕನಿಷ್ಠ ಒಂದು ವರ್ಷ ಇರುವ ಯೋಚನೆ. ಒಂದು ಬೆಡ್‌ರೂಮಿನ ಮನೆ, ಬಾವಿ ಇದೆ, ಚಾವಣಿಯ ಮಳೆನೀರಿಗೆ ಟ್ಯಾಂಕ್ ಇದೆ. ಫೆರಿಗೆ ವಾಹನ ಹತ್ತಿಸಬಹುದು. ಮಾಲೀಕರು ವಿಡಿಯೊ ಕಳಿಸಿ ಮುಂಗಡ ಕೇಳುತ್ತಿದ್ದಾರೆ. ಕರಾರಿನಲ್ಲಿ ಏನು ಬರೆಸಬೇಕು, ಮನೆಯಲ್ಲಿ ಏನು ಪರೀಕ್ಷಿಸಬೇಕು, ಸಾಮಾನು ಎಷ್ಟು ಒಯ್ಯಬೇಕು? ತಿಳಿದವರು ಹೇಳಿ.

ದಕ್ಕೆಕಟ್ಟೆ

ಮೊದಲು ಫೆರಿಯ ವೇಳಾಪಟ್ಟಿ ನೋಡಿ, ಮನೆ ಆಮೇಲೆ. ಪ್ರವಾಸಿ ಹಂಗಾಮಿನ ಪಟ್ಟಿಯಲ್ಲ, ಅದು ಮುಗಿದ ಮೇಲಿನ ಪಟ್ಟಿ ಬೇಕು. ಕೊನೆಯ ದೋಣಿ ಎಷ್ಟು ಹೊತ್ತಿಗೆ, ವಾರದಲ್ಲಿ ಯಾವ ದಿನ ದೋಣಿಯೇ ಇಲ್ಲ, ಯಾವ ತಿಂಗಳಲ್ಲಿ ಹೆಚ್ಚು ರದ್ದಾಗುತ್ತದೆ ಎಂದು ಅಲ್ಲೇ ವರ್ಷಪೂರ್ತಿ ಇರುವವರನ್ನು ಕೇಳಿ. ಗಾಳಿಯ ವೇಗದಷ್ಟೇ ಅದರ ದಿಕ್ಕೂ ಮುಖ್ಯ. ದಕ್ಕೆಯ ಬಾಯಿಗೆ ನೇರವಾಗಿ ಬಡಿಯುವ ಗಾಳಿ ಸಾಧಾರಣವಾಗಿದ್ದರೂ ದೋಣಿ ನಿಲ್ಲದೆ ತೊನೆಯುತ್ತದೆ. ದ್ವೀಪದ ಮರೆ ಸಿಕ್ಕರೆ ಜೋರು ಗಾಳಿಯಲ್ಲೂ ಹೊರಡಬಹುದು. ಇಳಿಜಾರು ಕಟ್ಟೆಗೆ ತಾಗುವ ಫೆರಿಯಾದರೆ ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತದ ಹೊತ್ತನ್ನು ಬಿಡಿ. ಆಗ ಇಳಿಜಾರು ಕಡಿದಾಗಿ, ತುಂಬಿದ ಲಾರಿಯ ಹಿಂಭಾಗ ಕಟ್ಟೆಗೆ ಉಜ್ಜುತ್ತದೆ.

ವಾಹನ ಕಾಯ್ದಿರಿಸುವಾಗ ಉದ್ದ, ಎತ್ತರ, ತುಂಬಿದ ತೂಕ ಮೂರನ್ನೂ ಅಳೆದೇ ಕೊಡಿ. ಮೇಲಿನ ಕ್ಯಾರಿಯರ್, ಹಿಂದಿನ ಕೊಕ್ಕೆ ಎಲ್ಲ ಸೇರಿಸಿ. ಕಡಿಮೆ ಹೇಳಿದರೆ ದಕ್ಕೆಯಲ್ಲೇ ಉಳಿಯಬೇಕಾದೀತು. ಗ್ಯಾಸ್ ಸಿಲಿಂಡರ್, ಪೆಟ್ರೋಲ್ ಕ್ಯಾನ್ ಅಪಾಯಕಾರಿ ಸರಕು. ಪ್ರಯಾಣಿಕರ ಜೊತೆ ಒಯ್ಯಲು ಬಿಡುತ್ತಾರೋ ಇಲ್ಲವೋ ಮೊದಲೇ ಕೇಳಿ, ಮೂಟೆಯೊಳಗೆ ಬಚ್ಚಿಡಬೇಡಿ.

ಕರಾರಿನಲ್ಲಿ ಇವು ಬೇಕೇ ಬೇಕು. ಬಾಡಿಗೆ ಶುರುವಾಗುವುದು ಕೀಲಿ ಕೈಗೆ ಬಂದ ದಿನದಿಂದ. ಫೆರಿ ರದ್ದಾಗಿ ಬರುವುದೋ ಬಿಡುವುದೋ ತಡವಾದರೆ ದಂಡವಿಲ್ಲ. ಹನ್ನೆರಡು ತಿಂಗಳೂ ಮನೆ ನಿಮ್ಮದೇ ಎಂದು ತಾರೀಖು ಹಾಕಿ ಬರೆಸಿ, ಯಾಕೆಂದರೆ ಹಂಗಾಮು ಬಂದೊಡನೆ ಪ್ರವಾಸಿಗರಿಗೆ ಕೊಡಲು ಖಾಲಿ ಮಾಡಿಸುವ ಮನೆಗಳು ಬಹಳ. ಇನ್ನು ರಿಪೇರಿ: ಪ್ಲಂಬರ್ ದ್ವೀಪದಲ್ಲಿಲ್ಲದಿದ್ದರೆ ಅವರ ಫೆರಿ ಖರ್ಚು, ಕಾಯುವ ಹೊತ್ತಿನ ಕೂಲಿ ಯಾರದು? ಸೆಪ್ಟಿಕ್ ಟ್ಯಾಂಕ್ ಕೊನೆಯದಾಗಿ ಯಾವಾಗ ಖಾಲಿಯಾಯಿತು? ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೊಮ್ಮೆ ತೆಗೆಸಬೇಕು, ಆ ಟ್ಯಾಂಕರೂ ಫೆರಿಯಲ್ಲೇ ಬರಬೇಕು. ಆ ಖರ್ಚು ಮಾಲೀಕರದು ಎಂದು ಬರೆಸದೆ ಸಹಿ ಹಾಕಬೇಡಿ.

ಸಿಹಿನೀರು

ಮೇಲಿನದಕ್ಕೆಲ್ಲ ನನ್ನ ಒಪ್ಪಿಗೆ, ಆದರೆ ಬಾವಿ ಅಂದಿರಲ್ಲ, ಅದನ್ನು ಇನ್ನೂ ಗಟ್ಟಿಯಾಗಿ ವಿಚಾರಿಸಿ. ಸಣ್ಣ ದ್ವೀಪದಲ್ಲಿ ಮಳೆನೀರು ಇಂಗಿ ನೆಲದಡಿಯ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಕಡಲ ಮಟ್ಟಕ್ಕಿಂತ ಸಿಹಿನೀರು 1 ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ನಿಲ್ಲುತ್ತದೆ ಎಂಬುದು ಸಿದ್ಧಾಂತದ ಲೆಕ್ಕ. ಅದೇ ಲೆಕ್ಕ ತಿರುಗಿಸಿ ನೋಡಿ: ನೀರಿನ ಮಟ್ಟ ಸ್ವಲ್ಪ ಇಳಿದರೂ ಕೆಳಗಿನ ಉಪ್ಪುನೀರು ಬಹಳ ಮೇಲೇರುತ್ತದೆ. ದೊಡ್ಡ ಪಂಪ್ ಹಾಕಿ ಒಂದೇ ಉಸಿರಿಗೆ ಎಳೆದರೆ ಬಾವಿ ಕೆಡುವುದು ಹೀಗೆ. ಸಣ್ಣ ಪಂಪ್, ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪವೇ ಎತ್ತುವುದು ಸರಿ.

ನಾಲಿಗೆಯನ್ನು ನಂಬಬೇಡಿ, ನೀರಿನ ವಿದ್ಯುತ್ ವಾಹಕತೆ (ಉಪ್ಪು ಹೆಚ್ಚಿದಷ್ಟೂ ಇದು ಏರುತ್ತದೆ) ಅಳೆಯುವ ಕೈಮೀಟರ್ ಒಯ್ಯಿರಿ. ಕಡಲ ನೀರು ಸೆಂಟಿಮೀಟರಿಗೆ ಸುಮಾರು 50,000 ಮೈಕ್ರೊಸೀಮೆನ್ಸ್ ತೋರಿಸುತ್ತದೆ. ನೂರು ಪಾಲಿನಲ್ಲಿ ಎರಡೇ ಪಾಲು ಕಡಲ ನೀರು ಬೆರೆತರೂ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ದಾಟಿ ರುಚಿ ಕೆಡುತ್ತದೆ. ಕುದಿಸಿದರೆ ಉಪ್ಪು ಹೋಗುವುದಿಲ್ಲ, ಕ್ಯಾಂಡಲ್ ಫಿಲ್ಟರಿಗೂ ಯುವಿ ದೀಪಕ್ಕೂ ಜಗ್ಗುವುದಿಲ್ಲ. ಆರ್‌ಒ ತೆಗೆಯುತ್ತದೆ, ಆದರೆ ನೀರಿನ ದೊಡ್ಡ ಪಾಲನ್ನು ಹೊರಚೆಲ್ಲುತ್ತದೆ.

ಟ್ಯಾಂಕಿನ ಲೆಕ್ಕ ಸುಲಭ. 1 ಚದರ ಮೀಟರ್ ಚಾವಣಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. 60 ಚದರ ಮೀಟರ್ ಚಾವಣಿ, 10 ಮಿ.ಮೀ. ಮಳೆ, ಐದರಲ್ಲೊಂದು ಪಾಲು ಸೋರಿಕೆಗೆ ಬಿಟ್ಟರೆ 480 ಲೀಟರ್. ಇಬ್ಬರು ದಿನಕ್ಕೆ ತಲಾ 80 ಲೀಟರ್ ಬಳಸಿದರೆ ತಿಂಗಳಿಗೆ 4,800. ಮಳೆಯಿಲ್ಲದ ತಿಂಗಳೆಷ್ಟೋ ಅಷ್ಟರಿಂದ ಗುಣಿಸಿ ಟ್ಯಾಂಕಿನ ಗಾತ್ರಕ್ಕೆ ಹೋಲಿಸಿ. ಮೊದಲ ಮಳೆಯ ನೀರನ್ನು ಹೊರಬಿಡುವ ಕೊಳವೆ ಇದೆಯೇ ನೋಡಿ. ಇಲ್ಲದಿದ್ದರೆ ಹಕ್ಕಿಯ ಹಿಕ್ಕೆ, ಚಾವಣಿಗೆ ಕೂತ ಉಪ್ಪು ಎಲ್ಲ ಟ್ಯಾಂಕಿಗೇ.

ಗೋಣಿಮೂಟೆ

ಸಾಮಾನು ಆದಷ್ಟು ಕಡಿಮೆ. ಮನೆಯಿಂದ ವ್ಯಾನಿಗೆ, ವ್ಯಾನಿನಿಂದ ದೋಣಿಗೆ, ಮತ್ತೆ ಗಾಡಿಗೆ, ಕೊನೆಗೆ ಮನೆಗೆ ಎಂದು ಒಂದೇ ಪೆಟ್ಟಿಗೆಯನ್ನು ನಾಲ್ಕೈದು ಸಲ ಎತ್ತಿ ಇಳಿಸಬೇಕಾಗಬಹುದು. ಒಂದೊಂದೂ 15 ಕಿಲೊ ದಾಟದಿರಲಿ. ವ್ಯಾನೇ ದೋಣಿ ಹತ್ತುವುದಾದರೆ ಎತ್ತುವುದು ಎರಡೇ ಸಲ, ಹೆಚ್ಚು ಖರ್ಚಾದರೂ ಅದೇ ವಾಸಿ. ಪಾರ್ಟಿಕಲ್ ಬೋರ್ಡಿನ ಬೀರು ಬಿಟ್ಟು ಹೋಗಿ. ತೇವಕ್ಕೆ ಅಂಚು ಉಬ್ಬಿ ತಿರುಪು ಹಿಡಿಯುವುದಿಲ್ಲ. ಫ್ರಿಜ್ ನೆಟ್ಟಗೇ ಹೋಗಲಿ. ಮಲಗಿಸಿದರೆ, ಎಷ್ಟು ಹೊತ್ತು ಮಲಗಿತ್ತೋ ಕನಿಷ್ಠ ಅಷ್ಟು ಹೊತ್ತು ನಿಲ್ಲಿಸಿಟ್ಟು ಆಮೇಲೆ ಪ್ಲಗ್ ಹಾಕಿ, ಕಂಪ್ರೆಸರಿನ ಎಣ್ಣೆ ಕೆಳಗಿಳಿಯಬೇಕು.

ವಿಮೆಯಲ್ಲಿ ಕಡಲ ಸಾಗಣೆ ಸೇರಿದೆಯೇ ಓದಿ. ಹಡಗನ್ನು ಉಳಿಸಲು ಯಾರದೋ ಸರಕು ಕಡಲಿಗೆಸೆದರೆ ಆ ನಷ್ಟವನ್ನು ಎಲ್ಲ ಸರಕಿನ ಮಾಲೀಕರೂ ಹಂಚಿಕೊಳ್ಳಬೇಕೆಂಬ ಹಳೆಯ ಕಡಲ ನಿಯಮ ಈಗಲೂ ಜಾರಿಯಲ್ಲಿದೆ.

ಮನೆ ನೋಡುವಾಗ ಗಾಳಿ ಬಡಿಯುವ ಕಡೆಯ ಗೋಡೆಗೆ ಹೋಗಿ, ಹೊಸ ಬಣ್ಣದ ಕೆಳಗೆ ಗುಳ್ಳೆ ಎದ್ದಿದೆಯೇ ಬೆರಳಲ್ಲಿ ಒತ್ತಿ ನೋಡಿ. ಗಾರೆಯಲ್ಲಿ ಕೂತ ಉಪ್ಪು, ಗಾಳಿಯ ತೇವಾಂಶ ಸುಮಾರು 75% ದಾಟಿದೊಡನೆ ನೀರನ್ನು ಹೀರಿ ಕರಗುತ್ತದೆ, ಒಣಗಿದಾಗ ಹರಳುಗಟ್ಟಿ ಗಾರೆಯನ್ನೇ ಒಡೆಯುತ್ತದೆ. ಬಣ್ಣ ಬಳಿದು ಪ್ರಯೋಜನವಿಲ್ಲ, ಆ ಗಾರೆ ಕೆತ್ತಿ ತೆಗೆಯಬೇಕು. ಚಿಲಕ, ಬಾಗಿಲಿನ ಕೀಲು ಬದಲಿಸಬೇಕಾದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. 304 ದರ್ಜೆಯದು ಉಪ್ಪುಗಾಳಿಗೆ ಕಂದು ಕಲೆ ಬಿಡುತ್ತದೆ.

ಅಲೆಮನೆ

ಮೀಟರ್ ವಿಷಯ ಕೇಳಿದೆ. ಮಳೆಗಾಲ ಮುಗಿದಾಗ ಅಳೆದದ್ದು 1,400 ಮೈಕ್ರೊಸೀಮೆನ್ಸ್ ಎಂದು ಮಾಲೀಕರು ಹೇಳುತ್ತಾರೆ. ಪರವಾಗಿಲ್ಲವೇ?

ಸಿಹಿನೀರು

ಕರಗಿದ ಲವಣ ಲೀಟರಿಗೆ ಸುಮಾರು 700ರಿಂದ 950 ಮಿಲಿಗ್ರಾಂ ಅಂದಹಾಗಾಯಿತು. ಸ್ನಾನ, ಪಾತ್ರೆ, ಬಟ್ಟೆಗೆ ನಡೆಯುತ್ತದೆ. ಆದರೆ ಅಳೆದದ್ದು ಸಿಹಿನೀರಿನ ಪದರ ದಪ್ಪವಾಗಿರುವ ಹೊತ್ತಿನಲ್ಲಿ. ಬೇಸಿಗೆಯ ಕೊನೆಯಲ್ಲಿ ಅದಕ್ಕಿಂತ ಏರಿಯೇ ಏರುತ್ತದೆ. ಆ ಹೊತ್ತಿನ ಅಂಕಿ ಸಿಗುವವರೆಗೆ ಮುಂಗಡ ತಡೆಯಿರಿ. ಸಿಗದಿದ್ದರೆ ಕುಡಿಯಲು, ಅಡುಗೆಗೆ ಟ್ಯಾಂಕನ್ನೇ ನಂಬಿ ಲೆಕ್ಕ ಹಾಕಿ, ಬಾವಿಯ ನಲ್ಲಿ ಬೇರೆ, ಟ್ಯಾಂಕಿನ ನಲ್ಲಿ ಬೇರೆ ಇದೆಯೇ ನೋಡಿ. ಗೀಸರಿಗೆ ಬಾವಿ ನೀರೇ ಹೋಗುತ್ತಿದ್ದರೆ ಒಳಗಿನ ಮೆಗ್ನೀಸಿಯಂ ಸರಳನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಅದು ಸವೆದು ಮುಗಿದರೆ ಮುಂದೆ ತುಕ್ಕು ಹಿಡಿಯುವುದು ಗೀಸರಿನ ಟ್ಯಾಂಕಿಗೇ. ಬದಲಿ ಸರಳೊಂದನ್ನು ಸಾಮಾನಿನ ಜೊತೆಗೇ ಕಟ್ಟಿಕೊಳ್ಳಿ.